ಎಂಟು ಕಸುಬಿನ ದೇವೀರಕ್ಕ

ನಮ್ಮೂರಿನಲ್ಲಿ ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟನೆಯದು ಎಂದು ಕೇಳುತ್ತಾರೆ. ಫೋನಿನಲ್ಲಿ ಹುಡುಕಿದಾಗ ಯಾರ ಹೆಸರು ಮೊದಲು ಬರುತ್ತದೋ ಅವರ ಮನೆ ಚೌಕಕ್ಕೆ ಹತ್ತಿರ ಇರುತ್ತದೆ, ಹೆಸರು ಹಿಂದೆ ಬಿದ್ದವರದು ಅಷ್ಟಷ್ಟು ದೂರ. ಕೋಳಿ ಕೂಗುವುದಕ್ಕೂ ಹಾಲು ಬರುವುದಕ್ಕೂ ನಡುವೆ ಮನೆಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಿರುತ್ತವೆ. ಸದ್ದಿಲ್ಲ, ಧೂಳಿಲ್ಲ, ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಕೂಡ ಅಲ್ಲಾಡುವುದಿಲ್ಲ. ನೆಲದಲ್ಲಿ ನೆಟ್ಟ ಗಿಡ ಮಾತ್ರ ಮನೆಯ ಜೊತೆ ಬರುವುದಿಲ್ಲವಾದ್ದರಿಂದ ನಮ್ಮಲ್ಲಿ ಕರಿಬೇವನ್ನೂ ಕುಂಡದಲ್ಲೇ ಬೆಳೆಸುತ್ತೇವೆ. ನಲ್ಲಿ ನೀರು ಹೇಗೆ ಬರುತ್ತದೆ ಎಂದು ನೀವು ಕೇಳಬಹುದು. ಬರುತ್ತದೆ, ದಿನ ಬಿಟ್ಟು ದಿನ, ಎಲ್ಲ ಊರುಗಳಲ್ಲಿ ಬರುವ ಹಾಗೆ.

ನನ್ನ ಹೆಸರು ನೀಲಾಂಬಿಕೆ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ‘ಊರಕೈಪಿಡಿ’ ಎಂಬ ಜಾಲತಾಣ ನಡೆಸುತ್ತೇನೆ. ಛತ್ರಿ ರಿಪೇರಿ ಮಾಡುವವರು ಯಾರು, ಹಪ್ಪಳ ಒತ್ತಿಕೊಡುವವರು ಯಾರು, ಮಂಚದ ಪಟ್ಟಿ ಹೆಣೆಯುವವರು ಯಾರು, ಇವೆಲ್ಲ ಅದರಲ್ಲಿ ಹೆಸರು, ವಿಳಾಸದ ಸಮೇತ ಸಿಗುತ್ತವೆ. ಒಂಬತ್ತು ವರ್ಷ ನನ್ನ ಮನೆ ಚೌಕದಿಂದ ಮೂರನೆಯದಾಗಿತ್ತು. ಕಿಟಕಿಯಲ್ಲಿ ಕೂತರೆ ಹೂವಿನವಳ ಚೌಕಾಸಿ ಕೇಳಿಸುತ್ತಿತ್ತು. ಆಸ್ಪತ್ರೆ ನಾಲ್ಕು ಹೆಜ್ಜೆ. ಗೋಡೆಗೆ ಗೋಡೆ ತಾಗಿಕೊಂಡು ದೇವೀರಕ್ಕನ ಮನೆ. ನಾನು ಸೊಕ್ಕಿನವಳಲ್ಲ, ಆದರೆ ಆ ಒಂಬತ್ತು ವರ್ಷ ಸ್ವಲ್ಪ ಕತ್ತೆತ್ತಿಯೇ ನಡೆದೆ ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಒಂದೇ ದೋಷ ದಾಕ್ಷಿಣ್ಯ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಒಬ್ಬಳು ಒಂದು ಬಟ್ಟಲು ಪಾಯಸ ತಂದು, ‘ನಮ್ಮ ಹುಡುಗನ್ನ ಎಲೆಕ್ಟ್ರಿಷಿಯನ್ ಅಂತ ಹಾಕಿ ನೀಲಕ್ಕ’ ಎನ್ನುತ್ತಾಳೆ. ಹಾಕುತ್ತೇನೆ. ‘ಪ್ಲಂಬರ್ ಅಂತಲೂ ಇರಲಿ’ ಎನ್ನುತ್ತಾಳೆ. ಇರಲಿ. ಆ ಹುಡುಗ ಬಲ್ಬ್ ಬದಲಾಯಿಸಲು ಅಪ್ಪನನ್ನು ಕರೆಯುವವನು. ಹೀಗೆ ಪಟ್ಟಿ ಬೆಳೆದು ಬೆಳೆದು ಸಾವಿರದ ಇನ್ನೂರು ಹೆಸರಾಯಿತು. ಅದರ ಮೇಲೆ ಯಾರೋ ಒಬ್ಬ ಕನ್ನಡಕದವನು ಬಂದು, ‘ಮೇಡಂ, ನಾನೂರು ಜಾಲತಾಣಗಳಲ್ಲಿ ನಿಮ್ಮ ಕೈಪಿಡಿ ಹೆಸರು ಬರೆಸ್ತೀನಿ, ನೀವು ಅವರ ಹೆಸರು ಹಾಕ್ಕೊಳ್ಳಿ, ಒಂದನೇ ಮನೆ ಆಗ್ತೀರಿ’ ಎಂದ. ಪಾಪ, ಬಿಸಿಲಲ್ಲಿ ನಡೆದು ಬಂದಿದ್ದಾನೆ ಎಂದು ಮಜ್ಜಿಗೆ ಕೊಟ್ಟು, ಆಗಲಿ ಎಂದೆ.

ಮಾಘ ಮಾಸದ ಒಂದು ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಎದುರಿಗೆ ಚೌಕ ಇರಲಿಲ್ಲ. ಇಟ್ಟಿಗೆ ಗೂಡು ಇತ್ತು. ಅದರಾಚೆ ಸೂರ್ಯಕಾಂತಿ ಹೊಲ, ಅದರಾಚೆ ಬರೀ ಆಕಾಶ. ರಂಗೋಲಿ ಡಬ್ಬಿ ಹಿಡಿದುಕೊಂಡು ಹಾಗೇ ನಿಂತೆ. ನಮ್ಮೂರಿನಲ್ಲಿ ಇದಕ್ಕೆ ನೂಕು ಬೀಳುವುದು ಎನ್ನುತ್ತಾರೆ. ಒಂದೆರಡು ಮನೆ ಹಿಂದೆ ಮುಂದೆ ಆಗುವುದು ದಿನದ ಮಾತು. ನೂಕು ಬೀಳುವುದು ಬೇರೆ, ಅದು ತಪ್ಪು ಮಾಡಿದವರಿಗೆ. ಫೋನಿನಲ್ಲಿ, ಯಾರ ಹೆಸರು ಎಷ್ಟನೆಯದು ಎಂದು ತೀರ್ಮಾನಿಸುವ ಹುಡುಕಿನವರ ಎರಡೇ ಸಾಲಿನ ಓಲೆ ಇತ್ತು: ‘ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಬಹಳ ಇದೆ. ಸರಿಪಡಿಸಿ ತಿಳಿಸಿ.’ ಈ ಹುಡುಕಿನವರು ಯಾರು, ಎಲ್ಲಿ ಕೂತಿರುತ್ತಾರೆ, ಊಟಕ್ಕೆ ಏಳುತ್ತಾರೋ ಇಲ್ಲವೋ, ಯಾರೂ ಕಂಡವರಿಲ್ಲ.

ನಮ್ಮ ಯಜಮಾನರು ಮರುಳಸಿದ್ದಯ್ಯನವರು ತಕ್ಕಡಿ ರಿಪೇರಿ ಮಾಡುವವರು, ಯಾವುದಕ್ಕೂ ಗಾಬರಿಯಾಗುವವರಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, ನಾಲ್ಕೂ ದಿಕ್ಕು ನೋಡಿ, ‘ಗಾಳಿ ಚೆನ್ನಾಗಿದೆ ಕಣೆ’ ಎಂದರು.

‘ಚೌಕಕ್ಕೆ ನಡೆದು ಹೋಗೋಕೆ ಎರಡು ಗಂಟೆ ಬೇಕು!’

‘ಹೋಗಿ ಏನು ಮಾಡ್ಬೇಕು? ಚೌಕದಲ್ಲಿದ್ದಾಗ ಒಂದಿನಾನೂ ಮಧ್ಯಾಹ್ನ ಕಣ್ಣು ಮುಚ್ಚೋಕಾಗಿಲ್ಲ.’

ಅವರು ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಅಲ್ಲಿನ ಬದುಕು ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಪಕ್ಕದಲ್ಲಿ ಎತ್ತರ ಬೆಳೆಸುವ ಎಣ್ಣೆ ಮಾರುತ್ತಿದ್ದ ನಂಜಯ್ಯನ ಮನೆ. ಅವನೂ ನೂಕು ಬಿದ್ದವನೇ, ಆಸಾಮಿ ನನ್ನ ಭುಜಕ್ಕೆ ಬರುತ್ತಾನೆ. ಒಳ್ಳೆಯ ಮನುಷ್ಯ. ಬಂದ ದಿನವೇ ಒಂದು ಕುಂಬಳಕಾಯಿ ತಂದುಕೊಟ್ಟು, ‘ಇಲ್ಲಿ ಯಾರೂ ಯಾರನ್ನೂ ಯಾಕೆ ಬಂದ್ರಿ ಅಂತ ಕೇಳಲ್ಲ ಅಮ್ಮಾವ್ರೇ’ ಎಂದ. ಇಟ್ಟಿಗೆ ಗೂಡಿನ ಹೆಂಗಸರು ಸಂಜೆ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಹಾಲು ತಲುಪುವ ಹೊತ್ತಿಗೆ ಅರ್ಧ ಮೊಸರಾಗಿರುತ್ತಿತ್ತು, ಹಾಗಾಗಿ ನಾವು ಕಾಫಿ ಬಿಟ್ಟು ಮಜ್ಜಿಗೆಗೆ ಒಗ್ಗಿಕೊಂಡೆವು. ಯಜಮಾನರು ಎರಡು ಕೆ.ಜಿ. ದಪ್ಪವಾದರು. ನಾನೂ ಅಲ್ಲೇ ಇದ್ದುಬಿಡುತ್ತಿದ್ದೆನೋ ಏನೋ, ಮಂಜರಿಯ ಫೋನ್ ಬಾರದಿದ್ದರೆ.

ಮಂಜರಿ ನಮ್ಮ ಒಬ್ಬಳೇ ಮಗಳು. ಚೊಚ್ಚಲ ಬಸುರಿ, ಆರು ತುಂಬಿ ಏಳಕ್ಕೆ ಬಿದ್ದಿತ್ತು. ಮೊದಲ ಹೆರಿಗೆ ತವರಿನಲ್ಲಿ ಎನ್ನುವುದು ನಮ್ಮಲ್ಲಿ ಕೇಳಬೇಕಾದ ಮಾತೇ ಅಲ್ಲ. ನಾನು ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿ, ಬಾಣಂತಿ ಖಾರಕ್ಕೆ ಮೆಣಸು ಹಿಪ್ಪಲಿ ಆರಿಸಿಟ್ಟುಕೊಂಡಾಗಿತ್ತು.

‘ಅಮ್ಮ, ಅತ್ತೆ ಏನೋ ಹೇಳ್ತಿದಾರೆ, ಬೇಜಾರು ಮಾಡ್ಕೋಬೇಡ,’ ಎಂದಳು. ‘ನಿಮ್ಮಮ್ಮನ ಮನೆಯಿಂದ ಆಸ್ಪತ್ರೆಗೆ ಎರಡು ಗಂಟೆ ದಾರಿಯಂತೆ. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದ್ರೆ ಏನು ಗತಿ? ಇಲ್ಲೇ ಆಗ್ಲಿ ಅಂತಿದಾರೆ. ಒಂಬತ್ತು ತುಂಬೋದ್ರೊಳಗೆ ಮನೆ ವಾಪಸ್ ಬಂದ್ರೆ ಕಳಿಸ್ತಾರಂತೆ.’

ಬೀಗಿತ್ತಿಯ ಮೇಲೆ ಸಿಟ್ಟು ಬರಲಿಲ್ಲ, ಏಕೆಂದರೆ ಆಕೆ ಹೇಳಿದ್ದು ಸರಿಯಾಗಿತ್ತು. ಸಿಟ್ಟು ಬಂದದ್ದು ನನ್ನ ಮೇಲೆ. ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು. ‘ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ,’ ಎಂದರು, ‘ನಿನ್ನ ದಾಕ್ಷಿಣ್ಯಕ್ಕೆ ಮಗಳಿಗೆ ಹೆರೋಕೆ ಜಾಗ ಇಲ್ಲದ ಹಾಗಾಯ್ತು.’ ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಒಳಗೆ ಹೋಗಿ ಆ ಮಡಚಿದ ಸೀರೆಗಳ ಮೇಲೆ ಮುಖವಿಟ್ಟು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಪಟ್ಟಿ ಪ್ರಿಂಟ್ ತೆಗೆದೆ. ನೂರಾ ಎಂಬತ್ತು ಹಾಳೆ ಬಂತು.

ಮಾರನೆಯ ದಿನದಿಂದ ನಡೆಯತೊಡಗಿದೆ. ನನ್ನ ಕ್ರಮ ಸರಳವಾಗಿತ್ತು. ಬಾಗಿಲು ತಟ್ಟುವುದು, ಪಟ್ಟಿಯಲ್ಲಿ ಏನಿದೆಯೋ ಅದನ್ನು ಕೇಳುವುದು, ಕೊಟ್ಟರೆ ಉಳಿಸುವುದು, ಇಲ್ಲದಿದ್ದರೆ ಹೊಡೆದುಹಾಕುವುದು. ಛತ್ರಿ ರಿಪೇರಿ ಬಸವಲಿಂಗಪ್ಪನ ಮನೆಗೆ ಕಡ್ಡಿ ಮುರಿದ ಛತ್ರಿ ಒಯ್ದೆ. ಆತ ಅದನ್ನು ಯಾವುದೋ ಹಕ್ಕಿ ನೋಡಿದ ಹಾಗೆ ನೋಡಿ, ‘ನಾನು ಮುಟ್ಟಿ ಹತ್ತು ವರ್ಷ ಆಯ್ತಮ್ಮ’ ಎಂದು ನಕ್ಕ. ಒಳಗಿನಿಂದ ಅವನ ನಾದಿನಿ ಬಂದು, ಛತ್ರಿ ಕಿತ್ತುಕೊಂಡು, ನಾನು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸರಿಮಾಡಿ ಕೊಟ್ಟಳು. ಅವನ ಹೆಸರು ತೆಗೆದು ಅವಳದ್ದು ಬರೆದೆ. ಆ ಬಲ್ಬಿನ ಹುಡುಗ ತಾನೇ ಕೈಮುಗಿದು, ‘ತೆಗೆದುಬಿಡಿ ಆಂಟಿ, ಫೋನ್ ಬಂದಾಗಲೆಲ್ಲ ಎದೆ ಡವಗುಟ್ಟುತ್ತೆ’ ಎಂದ. ವೀಣೆ ಪಾಠದ ಮೇಷ್ಟ್ರು ತೀರಿಹೋಗಿ ಮೂರು ವರ್ಷವಾಗಿತ್ತು. ಅವರ ಮಗಳು ಹೆಸರನ್ನು ಇರಲಿ ಬಿಡಿ ಎನ್ನುತ್ತಾಳೆ ಎಂದು ಹೆದರಿ ಹೋದೆ. ಅವಳು ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಗೆರೆ ಎಳೆದಳು.

ಕನ್ನಡಕದವನು ಬರೆಸಿದ ನಾನೂರು ಜಾಗಗಳದ್ದು ಇನ್ನೊಂದು ರಾಮಾಯಣ. ಮೊಸಳೆ ಸಾಕುವವರು, ಚಪ್ಪಲಿಯ ಉಂಗುಷ್ಟ ಮಾಡುವವರು, ಬೊಕ್ಕತಲೆಗೆ ಕೂದಲು ನೆಡುವವರು, ಎಲ್ಲರ ತಾಣದಲ್ಲೂ ನನ್ನ ಕೈಪಿಡಿಯ ಹೆಸರು ಅಂಟಿಕೊಂಡಿತ್ತು. ಒಬ್ಬೊಬ್ಬರಿಗೂ ‘ಮಾನ್ಯರೇ, ತಮ್ಮ ಉಪಕಾರ ದೊಡ್ಡದು, ದಯವಿಟ್ಟು ನಮ್ಮ ಹೆಸರನ್ನು ಅಳಿಸಿ’ ಎಂದು ಓಲೆ ಬರೆದೆ. ಅರವತ್ತೊಂದು ಜನ ಅಳಿಸಿದರು. ಮೊಸಳೆಯವರು ಒಮ್ಮೆ ಬಂದು ಹೋಗಿ ಎಂದು ಬರೆದರು. ಉಳಿದವರ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ‘ಇವರು ಯಾರೂ ನನಗೆ ಬಂಧುಗಳಲ್ಲ, ಇವರ ಮಾತನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಹುಡುಕಿನವರಿಗೆ ಕಳಿಸಲು ಇಟ್ಟುಕೊಂಡೆ.

ಕೊನೆಗೆ ಉಳಿದದ್ದು ದೇವೀರಕ್ಕ. ನಾನೇ ಉಳಿಸಿಕೊಂಡಿದ್ದೆ.

ದೇವೀರಕ್ಕನ ಹೆಸರು ನನ್ನ ಪಟ್ಟಿಯಲ್ಲಿ ಎಂಟು ಕಡೆ ಇತ್ತು: ಬ್ಯೂಟಿ ಪಾರ್ಲರ್, ಮೆಹಂದಿ, ಮದುವಣಗಿತ್ತಿ ಅಲಂಕಾರ, ಕಸೂತಿ, ಕೇಕ್ ತಯಾರಿಕೆ, ಯೋಗ, ಪ್ರವಾಸ ಮಾಹಿತಿ ಮತ್ತು ಇಂಗ್ಲಿಷ್ ಸಂಭಾಷಣೆ. ಅರವತ್ತು ದಾಟಿದ ಹೆಂಗಸು, ಮೂಗುಬೊಟ್ಟು, ಮೊಣಕೈವರೆಗೆ ಹಚ್ಚೆ. ಅಕ್ಷರ ಬಾರದು. ಬಹಳ ಹಿಂದೆ ಮೊಮ್ಮಗಳು ಸ್ಲೇಟಿನ ಮೇಲೆ ತಿದ್ದಿಸಿದ್ದರಿಂದ ತನ್ನ ಹೆಸರೊಂದನ್ನು ಮಾತ್ರ ಗುರುತು ಹಿಡಿಯುತ್ತಿದ್ದರು. ಸಂಜೆಯಾದರೆ ಕೋಸಂಬರಿಯೋ ಉಸಲಿಯೋ ಹಿಡಿದುಕೊಂಡು ಬಂದು, ‘ಎಲ್ಲಿ, ನನ್ನ ಹೆಸರು ತೋರ್ಸು’ ಎಂದು ಫೋನಿನ ಮೇಲೆ ಬೆರಳಿಟ್ಟು ಓದಿ, ‘ಇನ್ನೊಂದು ಕಡೆನೂ ಹಾಕೆ ನೀಲ, ನೋಡೋಕೆ ಚೆಂದ’ ಎನ್ನುತ್ತಿದ್ದರು. ಹಾಕುತ್ತಾ ಹೋದೆ. ಯಾವ ಕಸುಬು ಎಂದು ಅವರು ಕೇಳಲಿಲ್ಲ, ಎಲ್ಲಿ ಖಾಲಿ ಕಂಡಿತೋ ಅಲ್ಲಿ ಹಾಕಿದೆ.

ನನಗೆ ನೂಕು ಬಿದ್ದಾಗ ಅವರ ಮನೆ ಎರಡು ಬೀದಿ ಹಿಂದಕ್ಕೆ ಸರಿದು ನಿಂತಿತ್ತು, ಅಷ್ಟೆ. ನಾನು ಹೋದಾಗ ಹಿತ್ತಿಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದರು. ನನ್ನ ಕೈಯಲ್ಲಿನ ಹಾಳೆ ನೋಡಿದ ಕೂಡಲೇ ಗೊತ್ತಾಯಿತು.

‘ಎಲ್ಲರದ್ದೂ ಹೊಡೀತಾ ಬರ್ತಿದೀಯಂತೆ,’ ಎಂದರು.

‘ಸುಳ್ಳಿರೋದು ಮಾತ್ರ ಅಕ್ಕ.’

‘ನಂದು ಹೊಡೆದ್ರೆ ನನ್ನ ಮನೇನೂ ನಿನ್ನ ಹಂಗೆ ಇಟ್ಟಿಗೆ ಗೂಡಿಗೆ ಹೋಗ್ತದೆ. ಈ ಮಂಡಿ ಇಟ್ಕೊಂಡು ನಾನು ಅಲ್ಲಿಂದ ನಡೀಲಾ? ಇರ್ಲಿ ಬಿಡೆ. ಸಾವಿರದಲ್ಲಿ ಎಂಟು ಯಾರಿಗೆ ಕಾಣ್ತದೆ?’

ಅಷ್ಟರಲ್ಲಿ ಒಬ್ಬ ಗಂಡಸು ಓಡಿಬಂದ. ‘ಅಕ್ಕಾ, ನಮ್ಮ ಕೂಸಿಗೆ ನೀರು ಹಾಕಿಲ್ಲ ಇವತ್ತು, ಬೆಳಗಿಂದ ಒಂದೇ ಸಮ ಅಳು.’ ‘ನಡಿ, ಬಂದೆ’ ಎಂದರು. ಅವನು ಹೋದ ಮೇಲೆ ಇನ್ನೊಬ್ಬ ಅಜ್ಜಿ ಬಂದರು. ಅವರದೂ ಕೂಸಿನ ಮಾತೇ. ಊರಿನ ಅರ್ಧ ಜನರ ತಲೆಯನ್ನು ದುಂಡಗೆ ತಿದ್ದಿದ್ದು ದೇವೀರಕ್ಕನ ಕೈ. ಮಂಜರಿಯ ತಲೆಯೂ ಅದರಲ್ಲಿ ಸೇರಿದೆ. ನಾನು ಕಾಫಿ ಕುಡಿದು, ಹಾಳೆ ಮಡಚಿ, ಏನೂ ಹೊಡೆಯದೆ ಎದ್ದು ಬಂದೆ. ಮಾಡಿದ್ದು ಅದೇ ಹಳೆಯ ತಪ್ಪು.

ಹುಡುಕಿನವರಿಗೆ ಅರ್ಜಿ ಕಳಿಸಿದೆ. ಇಪ್ಪತ್ತೆರಡು ದಿನ ಕಾದೆ. ದಿನಾ ಬೆಳಗ್ಗೆ ಬಾಗಿಲು ತೆಗೆದರೆ ಇಟ್ಟಿಗೆ ಗೂಡು. ಮಂಜರಿಗೆ ಎಂಟು ತುಂಬಿತು. ಕೊನೆಗೆ ಬಂದ ಉತ್ತರ ಒಂದೇ ಸಾಲು: ‘ನೋಡಿದೆವು. ಇಲ್ಲದ್ದು ಇನ್ನೂ ಎಂಟು ಇದೆ.’

ಅದನ್ನು ಓದಿ ನನಗೆ ನಾಚಿಕೆಯಾಯಿತು. ಎಲ್ಲೋ ಕೂತವರಿಗೆ ಕಂಡದ್ದು ನನಗೆ ಕಾಣದ್ದೇನೂ ಆಗಿರಲಿಲ್ಲ. ಅದೇ ದಿನ ಎಂಟನ್ನೂ ಹೊಡೆದುಹಾಕಿದೆ. ಹೊಡೆದ ಮೇಲೆ ಕೈ ಹಾಗೇ ಬಿಡಲಿಲ್ಲ. ಪಟ್ಟಿಯಲ್ಲಿ ಇಲ್ಲದ ಒಂದು ತಲೆಬರಹ ಮಾಡಿ, ‘ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವವರು: ದೇವೀರಮ್ಮ’ ಎಂದು ಬರೆದೆ. ಯೋಚನೆ ಮಾಡಿ ಬರೆದದ್ದಲ್ಲ, ಇದ್ದದ್ದು ಅದೊಂದೇ ಆಗಿತ್ತು. ಬೆನ್ನ ಹಿಂದೆ ಮಾಡಿದೆ ಎನ್ನಿಸಿಕೊಳ್ಳಬಾರದೆಂದು ಎರಡು ಗಂಟೆ ನಡೆದುಹೋಗಿ ಅವರಿಗೇ ತೋರಿಸಿದೆ.

ದೇವೀರಕ್ಕ ಫೋನಿನ ಮೇಲೆ ಬೆರಳು ಓಡಿಸಿದರು. ಮೇಲೆ ಹೋದರು, ಕೆಳಗೆ ಬಂದರು. ‘ಒಂದೇ ಇದೆ,’ ಎಂದರು.

‘ಒಂದೇ ಅಕ್ಕ.’

‘ಮುಂದೆ ಏನಂತ ಬರ್ದಿದೀಯ?’

ಓದಿ ಹೇಳಿದೆ. ಅವರ ಮುಖ ಕೆಂಪಾಯಿತು. ‘ನೀರು ಹಾಕೋದು ಒಂದು ಕಸುಬೇನೆ? ಯಾರ ಮನೆ ಕೂಸು ಅತ್ರೂ ಹೋಗಿ ಎತ್ಕೊಳ್ಳೋದಪ್ಪ ಅದು. ಅದನ್ನ ಊರಿಗೆಲ್ಲ ಡಂಗುರ ಹೊಡೆದು ನನ್ನ ಮಾನ ತೆಗೆದ್ಯಲ್ಲೇ! ಎಂಟಿತ್ತು. ಚೆಂದಾಗಿತ್ತು. ಮಗಳ ಬಾಣಂತನಕ್ಕೆ ನನ್ನ ಹೆಸರು ತಿಂದೆ. ಹೋಗು, ನಿನ್ನ ಮೊಮ್ಮಗೂಗೆ ನೀರು ಹಾಕೋಕೆ ಬೇರೆ ಯಾರನ್ನಾದ್ರೂ ನಿನ್ನ ಪಟ್ಟಿಲೇ ಹುಡುಕ್ಕೋ.’

ಬಾಗಿಲು ಮುಚ್ಚಿದರು. ಮೂವತ್ತು ವರ್ಷದ ಒಡನಾಟದಲ್ಲಿ ಆ ಬಾಗಿಲು ನನ್ನ ಮುಖಕ್ಕೆ ಮುಚ್ಚಿದ್ದು ಅದೇ ಮೊದಲು. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು, ಆದರೂ ದಾರಿಯುದ್ದಕ್ಕೂ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಡೆದೆ.

ಮನೆಗೆ ಬಂದು ಹುಡುಕಿನವರಿಗೆ ಮತ್ತೆ ಅರ್ಜಿ ಕಳಿಸಿದೆ. ಅದಾದ ಹತ್ತನೆಯ ದಿನ ಬೆಳಗ್ಗೆ ಹೂವಿನವಳ ಕೂಗಿಗೆ ಎಚ್ಚರವಾಯಿತು. ಹಾಸಿಗೆಯಿಂದ ಎದ್ದು ಓಡಿ ಬಾಗಿಲು ತೆಗೆದೆ. ಚೌಕವಲ್ಲ, ಚೌಕದ ಹಿಂದಿನ ಓಣಿ, ಮೂರನೆಯದಲ್ಲ, ಹತ್ತೊಂಬತ್ತನೆಯದು. ಎದುರಿಗೆ ಟೈಲರ್ ಅಂಗಡಿಯ ಹಿಂಗೋಡೆ, ಒಂದು ಮುರುಕು ಸೈಕಲ್. ಎಷ್ಟು ಚೆನ್ನಾಗಿ ಕಂಡಿತು ಎಂದರೆ ಆ ಸೈಕಲ್‌ನ ಮುಂದೆಯೇ ರಂಗೋಲಿ ಹಾಕಿದೆ. ಯಜಮಾನರು ಎದ್ದು ಬಂದು, ‘ಗಾಳಿನೇ ಇಲ್ಲ’ ಎಂದು ಗೊಣಗಿದರು. ಗೊಣಗಿಕೊಂಡೇ ಹೋಗಿ ಸ್ವೀಟ್ ತಂದರು. ಬೀಗಿತ್ತಿ ಕೊಟ್ಟ ಮಾತಿಗೆ ತಪ್ಪಲಿಲ್ಲ, ಆ ವಾರವೇ ಮಂಜರಿಯನ್ನು ತಾವೇ ಕರೆತಂದು ಬಿಟ್ಟುಹೋದರು. ನಂಜಯ್ಯ ಕುಂಬಳಕಾಯಿ ಹೊತ್ತುಕೊಂಡು ನೋಡಲು ಬಂದ. ತನ್ನ ಎಣ್ಣೆಯ ಮೇಲೆ ‘ಕೂದಲಿಗೆ’ ಎಂದು ಮಾತ್ರ ಬರೆಸುವ ಯೋಚನೆಯಿದೆ ಎಂದ.

ದೇವೀರಕ್ಕನ ಮನೆ ಎಲ್ಲಿಗೆ ಹೋಯಿತು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಮೂರನೆಯ ದಿನ ತರಕಾರಿಗೆ ಹೋದಾಗ ನಾನೇ ಕಂಡೆ. ಚೌಕದ ನಟ್ಟನಡುವೆ, ಆಸ್ಪತ್ರೆಗೆ ಅಂಟಿಕೊಂಡು, ಮೊದಲನೆಯ ಮನೆಯಾಗಿ ನಿಂತಿತ್ತು. ಊರಿನಲ್ಲಿ ಬಾಣಂತಿಯಿರುವ ಮನೆಯವರೆಲ್ಲ ಏನು ಹುಡುಕುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಜಗುಲಿಯ ಮೇಲೆ ನಾಲ್ಕು ಜನ ಕಾಯುತ್ತಿದ್ದರು. ನನಗೆ ಖುಷಿಯಾಯಿತು, ಹೊಟ್ಟೆ ಸ್ವಲ್ಪ ಉರಿಯಿತು ಕೂಡ. ಆದರೆ ಮೆಟ್ಟಿಲು ಹತ್ತಲಿಲ್ಲ. ಸೊಪ್ಪು ಕೊಂಡು ಇನ್ನೊಂದು ಬೀದಿಯಿಂದ ಸುತ್ತಿ ಬಂದೆ.

ಮಂಜರಿಗೆ ಗಂಡು ಕೂಸಾಯಿತು. ನೋವು ಬಂದು ಕಾಲು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು. ಮೂರು ದಿನಕ್ಕೆ ಮನೆಗೆ ಕರೆತಂದೆವು. ಹೊಕ್ಕುಳು ಬಿದ್ದ ಮೇಲೆ ನಾನೇ ಕಾಲು ಚಾಚಿ ಕೂತು ಎರಡು ದಿನ ನೀರು ಹಾಕಿದೆ. ಎಣ್ಣೆ ಮೈ ಹಿಡಿತಕ್ಕೆ ಸಿಗಲಿಲ್ಲ, ಕೂಸು ಇಡೀ ಓಣಿ ಕೇಳುವ ಹಾಗೆ ಕಿರುಚಿತು. ಎರಡನೆಯ ದಿನ ಮಂಜರಿ ಕೋಣೆಯೊಳಗಿನಿಂದ, ‘ಅಮ್ಮ, ದೇವೀರಜ್ಜಿನ ಕರಿ’ ಎಂದಳು. ನಾನು ಅವಳಿಗೆ ಜಗಳದ ವಿಷಯ ಹೇಳಿರಲಿಲ್ಲ.

ತಟ್ಟೆಯಲ್ಲಿ ಎಲೆ ಅಡಿಕೆ, ಒಂದು ರವಿಕೆ ಕಣ ಇಟ್ಟುಕೊಂಡು ಹೋದೆ. ಜಗುಲಿಯಲ್ಲಿ ನನಗಿಂತ ಮುಂಚೆ ಇಬ್ಬರು ಕೂತಿದ್ದರು. ಹಳೆಯ ನೆರೆಯವಳು ಎಂದು ಮುಂದೆ ನುಗ್ಗದೆ ನಾನೂ ಅವರ ಹಿಂದೆ ಕೂತೆ, ನನ್ನ ಹಿಂದೆಯೂ ಇಬ್ಬರು ಮೂವರು ಬಂದು ಕೂತರು. ಒಬ್ಬೊಬ್ಬರನ್ನೂ ಕರೆದು ದೇವೀರಕ್ಕ ಕೂಸಿನ ದಿನ, ತಾಯಿಯ ಹಾಲು, ಬಚ್ಚಲು ಎಲ್ಲ ವಿಚಾರಿಸಿ, ಕೊನೆಗೆ, ‘ನನ್ನ ಹೆಸರು ನಿಮಗ್ಯಾರು ಹೇಳಿದ್ರು?’ ಎಂದು ಕೇಳುತ್ತಿದ್ದರು. ಎಲ್ಲರನ್ನೂ ಹಾಗೇ ಕೇಳುತ್ತಾರೆ ಎಂದು ಪಕ್ಕದಲ್ಲಿ ಕೂತವಳು ಹೇಳಿದಳು. ನನ್ನ ಸರದಿ ಬಂತು. ತಲೆಯೆತ್ತಿ ನೋಡಿದರು. ಗುರುತೇ ಇಲ್ಲದವರ ಹಾಗೆ ಕೇಳಿದರು.

‘ಕೂಸಿಗೆ ಎಷ್ಟು ದಿನ?’

‘ಹನ್ನೊಂದು.’

‘ಗಂಡೋ ಹೆಣ್ಣೋ?’

‘ಗಂಡು.’

‘ನನ್ನ ಹೆಸರು ನಿಮಗ್ಯಾರು ಹೇಳಿದ್ರು?’

‘ಊರಕೈಪಿಡೀಲಿ ನೋಡಿದೆ,’ ಎಂದೆ.

‘ಅದ್ರಲ್ಲಿ ಬರ್ದಿದ್ದನ್ನ ನಂಬಬೋದಾ?’

ಇರಲಿ, ಆಗಲಿ, ಹಾಕೋಣ ಎಂದು ಒಂಬತ್ತು ವರ್ಷ ಹೇಳಿದ ನಾಲಿಗೆ ಈ ಸಲ ಅಳೆದು ಆಡಬೇಕಿತ್ತು. ಹಿಂದೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ‘ಈಗ ನಂಬಬೋದು ಅಕ್ಕ,’ ಎಂದೆ, ‘ಪ್ರತಿ ಮನೆಗೂ ನಡೆದು ಹೋಗಿ ನೋಡ್ಕೊಂಡು ಬರೆದದ್ದು.’

ದೇವೀರಕ್ಕ ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಂಡರು. ರವಿಕೆ ಕಣದ ಬಣ್ಣ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಕಾಯುತ್ತಿದ್ದ ಜನರ ಕಡೆ ತಿರುಗಿ, ‘ನೀವೆಲ್ಲ ಸಾಯಂಕಾಲ ಬನ್ನಿ, ನಮ್ಮನೆ ಕೂಸಿಗೆ ಇನ್ನೂ ನೀರಾಗಿಲ್ಲ’ ಎಂದರು.